ಕೆಳಮುಖದ ಬಾಣ

"ಅಕಲ್ ಘರ್ ಮೇ ಛೋಡ್‌ಕೆ ಆತೀ ಹೋ ಕ್ಯಾ?"

ಬಸವಂತರಾಯ ಮೇಜು ಗುದ್ದಿದ. ಶಾಮಲಾಳ ಜೊತೆ ದಿನವೂ ಕನ್ನಡದಲ್ಲೇ ಮಾತಾಡುವ ಮನುಷ್ಯ, ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಬರುತ್ತೀಯಾ ಎಂದು ಹಿಂದಿಯಲ್ಲಿ ಕೂಗಿದ್ದು ಗಾಜಿನ ಗೋಡೆಯಾಚೆ ಕೂತವರಿಗೆಲ್ಲ ತಿಳಿಯಲಿ ಎಂದೇ.

ಫೋರ್ಟ್ ಬಡಾವಣೆಯಲ್ಲಿ ಪಂಪು ಮಾರುವ ಆ ಕಂಪನಿಗೆ ಹೊಸ ಕಂಪ್ಯೂಟರು ಬಂದು ವಾರವಾಗಿತ್ತು. ಹಳೆಯದರದ್ದು ಕಪ್ಪು ಪರದೆ, ಹಸಿರು ಅಕ್ಷರ. ಟೈಪು ಹೊಡೆದದ್ದು ಕಣ್ಣೆದುರೇ ಇರುತ್ತಿತ್ತು. ಇದರಲ್ಲೋ ಒಂದರ ಮೇಲೊಂದು ತೆರೆಯುವ ಕಿಟಕಿಗಳು, ಪುಟ್ಟ ಪುಟ್ಟ ಚಿತ್ರಗಳು, ಅವನ್ನು ಒತ್ತಲು ಬಾಲವಿರುವ ಮೌಸು. ಕಲಿಸಲು ಬಂದವನು ಅರ್ಧ ದಿನ ತೋರಿಸಿ ಹೋಗಿದ್ದ. ಧೂಳು ಬೀಳಬಾರದೆಂದು ದೇವರ ಕೋಣೆಗೆ ಹೋಗುವ ಹಾಗೆ ಎಲ್ಲರೂ ಕಾಲ್ಮರಿ, ಬೂಟಾಗಲಿ ಚಪ್ಪಲಿಯಾಗಲಿ, ಹೊರಗೆ ಬಿಟ್ಟೇ ಅದರ ಕೋಣೆಯೊಳಗೆ ಬರಬೇಕೆಂದು ಕಾನೂನು ಮಾಡಿದವನು ಸೂಪರಿಂಟೆಂಡೆಂಟ್ ಬಸವಂತರಾಯನೇ. ಯಾರು ಏನು ಕೇಳಿದರೂ "ನನಗೆಲ್ಲಾ ಗೊತ್ತದ" ಎನ್ನುತ್ತಿದ್ದ. ಇವತ್ತು ಮಧ್ಯಾಹ್ನದವರೆಗೆ ಅವನು ಮೌಸನ್ನು ಮುಟ್ಟಿಯೂ ಇರಲಿಲ್ಲ.

ಶಾಮಲಾ ಬೆಳಗ್ಗಿನಿಂದ ಟೈಪು ಮಾಡಿದ್ದ ಕೊಟೇಶನ್ ಅವಳು ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯಿಂದ ಮಾಯವಾಗಿತ್ತು. ಸಂಜೆಯೊಳಗೆ ಕಳಿಸದಿದ್ದರೆ ಆರ್ಡರು ಕೈತಪ್ಪುತ್ತಿತ್ತು. ಅವಳ ನೌಕರಿ ಖಾಯಂ ಆಗಬೇಕಾದದ್ದು ಬರುವ ತಿಂಗಳು. ಶಿಫಾರಸು ಮಾಡಬೇಕಾದವನು ಇವನು.

ಅವಳನ್ನು ಎಬ್ಬಿಸಿ ತಾನೇ ಕೂತ. ಅವಳು ಕಂಪ್ಯೂಟರಿನ ಬೆನ್ನ ಕಡೆ ಹೋಗಿ ನಿಂತಳು. ಸಿಟ್ಟಿನಲ್ಲಿ ಮೌಸನ್ನು ಎಳೆದಾಡಿದ. ದೊಡ್ಡ ಕಿಟಕಿಯೊಂದು ಪಕ್ಕಕ್ಕೆ ಜರುಗಿತು. ಅದರ ಅಡಿಯಲ್ಲಿ, ಪರದೆಯ ತಳದಲ್ಲಿ, ಉಗುರಿನಷ್ಟು ಒಂದು ಚಿತ್ರ ಅಡಗಿ ಕೂತಿತ್ತು. ಎರಡು ಸಲ ಕುಟ್ಟಿದ. ಕೊಟೇಶನ್ ಪೂರ್ತಿ ಎದ್ದು ಬಂತು, ಒಂದಕ್ಷರವೂ ಹೋಗಿರಲಿಲ್ಲ.

ಅವನ ಕಿವಿ ಬಿಸಿಯಾಯಿತು. ಊಟದ ಹೊತ್ತಿನಲ್ಲಿ ಕಳ್ಳನ ಹಾಗೆ ಇದೇ ಕುರ್ಚಿಯಲ್ಲಿ ಕೂತು, ಮೇಲಿನ ಮೂಲೆಯಲ್ಲಿದ್ದ ಕೆಳಮುಖದ ಬಾಣವನ್ನು ಒತ್ತಿದವನು ತಾನು. ಕೊಟೇಶನ್ ಫಕ್ಕನೆ ಕಾಣೆಯಾದಾಗ ಎಲ್ಲ ಅಳಿಸಿಹೋಯಿತೆಂದು ಹೆದರಿ ಎದ್ದು ಹೋದವನೂ ತಾನೇ.

ದನಿ ತಗ್ಗಿತು, ಕನ್ನಡಕ್ಕೆ ಬಂತು. "ಸಿಕ್ತು ಬಿಡ್ರಿ ಶಾಮಲಾಬಾಯಿ. ಇಲ್ಲೇ ಇತ್ತು. ಚಿಂತಿ ಮಾಡಬ್ಯಾಡ್ರಿ."

ಅವಳು ಈ ಕಡೆ ಬಂದು ಪರದೆ ನೋಡಿದಳು. ಆಮೇಲೆ ಅವನ ಕಾಲು ನೋಡಿದಳು.

"ಊಟದ ಡಬ್ಬಿ ತೊಳ್ಯೋಕೆ ಹೋದಾಗ ಈ ಕೋಣೆ ಬಾಗಿಲ ಹತ್ರ ನಿಮ್ಮ ಬೂಟಿತ್ತು ಸಾರ್."

ಬಸವಂತರಾಯ ಮೌಸಿನ ಬಾಲವನ್ನು ಸರಿಮಾಡಿದ.

"ನಂಗೇನೂ ಬೇಡ," ಎಂದಳು. "ಬೈದಿದ್ದು ಹಿಂದೀಲಿ. ನನ್ನ ತಪ್ಪಲ್ಲ ಅನ್ನೋದನ್ನೂ ಹಿಂದೀಲೇ ಹೇಳ್ಬಿಡಿ. ಅವ್ರಿಗೆಲ್ಲ ಕೇಳ್ಸೋ ಹಾಗೆ."

ಗಾಜಿನಾಚೆ ಟೈಪ್‌ರೈಟರುಗಳ ಸದ್ದು ನಿಂತಿತ್ತು. ಚಹಾದವನೂ ಕೆಟಲು ಹಿಡಿದು ಇತ್ತಲೇ ನೋಡುತ್ತಿದ್ದ. ಬಸವಂತರಾಯ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಪ್ರಿಂಟ್ ನಿಕಾಲೋ," ಎಂದ. "ದೇರ್ ಹೋ ರಹೀ ಹೈ." ತಡವಾಗುತ್ತಿದೆ ಎಂದಷ್ಟೇ ಹಿಂದಿಯಲ್ಲಿ ಹೇಳಿದ್ದು.

ಶಾಮಲಾ ಕೂತು ಪ್ರಿಂಟು ತೆಗೆದಳು. ಹಾಳೆಯ ಅಂಚಿನ ತೂತುಪಟ್ಟಿಗಳನ್ನು ನಾಜೂಕಾಗಿ ಹರಿದು, ಕೊಟೇಶನ್ನನ್ನು ಅವನ ಕೈಗೆ ಕೊಟ್ಟಳು. ಡಬ್ಬಿಯ ಚೀಲ ಎತ್ತಿಕೊಂಡಳು. ಹೊರಗೆ ಒಂದು ಕೈಯನ್ನು ಗಾಜಿಗೆ ಆನಿಸಿ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಸಿಟ್ಟಿನ ಬಿಸಿ ಆರಿದ ಮೇಲೆ ಬರುತ್ತಾಳೆ ಎಂದುಕೊಂಡ ಬಸವಂತರಾಯ. ಅವಳ ಚೆಂಬೂರಿನ ಲೋಕಲ್ ರೈಲು ಹೊರಡುವ ಹೊತ್ತಾಯಿತು, ಬರಲಿಲ್ಲ. ಮರುದಿನವೂ ಬರಲಿಲ್ಲ, ಆಮೇಲೂ ಇಲ್ಲ.

ಬಸವಂತರಾಯ ಈಗಲೂ ಆ ಕೋಣೆಗೆ ಹೋಗುವಾಗ ಬೂಟು ಬಿಚ್ಚುತ್ತಾನೆ. ಬಿಚ್ಚಿ, ಕಾಲಿನಿಂದ ಗೋಡೆಯ ಕಡೆ ಒತ್ತರಿಸುತ್ತಾನೆ. ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿ ಹಿಡಿಸುವಷ್ಟು ಜಾಗ ಹಾಗೇ ಉಳಿಯುತ್ತದೆ.