ದಿಲಾವರನ ಸಡಿಲ ಕೈ

ಜೋಡಿ ಗರಗಸ ದಬ್ಬುವ ಕೆಲಸವಲ್ಲ. ಒಬ್ಬ ತನ್ನ ಕಡೆಗೆ ಎಳೆಯಬೇಕು, ಆಗ ಎದುರಿನವನು ಕೈ ಸಡಿಲ ಬಿಡಬೇಕು. ಬಿಡದೆ ಬಿಗಿ ಹಿಡಿದರೆ ಹಲ್ಲು ಮರದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಹಳಿಯಾಳದ ದಿಲಾವರನಷ್ಟು ಹದವಾಗಿ ಕೈ ಬಿಡುವವನು ದಾಂಡೇಲಿ ಸುತ್ತಿನ ಕಾಡಿನಲ್ಲಿ ಇನ್ನೊಬ್ಬನಿರಲಿಲ್ಲ. ನಾನು ಅವನ ಜೋಡಿ. ನನಗೆ ಮಾತ್ರ ಆ ವಿದ್ಯೆ ಪೂರ್ತಿ ಹತ್ತಲಿಲ್ಲ. ನಾನು ಸಿಟ್ಟಿನವನು. ಹಿಡಿದದ್ದನ್ನು ಬಿಡುವುದು ನನ್ನ ಸ್ವಭಾವದಲ್ಲೇ ಇಲ್ಲ.

"ಲೇ ಪರಸ್ಯಾ, ಅದು ಗರಗಸೋ ಸುಶೀಲವ್ವನ ಸೆರಗೋ? ಬಿಡಲೇ," ಎಂದು ಮರದ ಆ ಬದಿಯಿಂದ ಅವನು ನನ್ನನ್ನು ಬೈಯುತ್ತಿದ್ದ.

"ನನ್ನ ಹೇಣ್ತಿ ಸುದ್ದಿ ನಿನಗ್ಯಾಕ? ನಿನ್ನ ಹೇಣ್ತಿ ಖೈರುನ್ನಿಸಾನ ಕೈಯಾಗಿನ ಲಟ್ಟಣಿಗಿ ನೋಡಕೋ ನೀ," ಎನ್ನುತ್ತಿದ್ದೆ ನಾನು.

ಹೀಗೆ ಬೈದಾಡಿಕೊಂಡೇ ವರ್ಷಗಟ್ಟಲೆ ಒಂದೇ ಗರಗಸದ ಎರಡು ತುದಿ ಹಿಡಿದಿದ್ದೆವು.

ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ನಮ್ಮ ಗುತ್ತಿಗೆದಾರ ದ್ಯಾಮಪ್ಪ ಒಂದು ಯಂತ್ರದ ಗರಗಸ ತರಿಸಿದ. ಅದಕ್ಕೆ ಒಬ್ಬನೇ ಸಾಕು. ನಮ್ಮಿಬ್ಬರನ್ನು ತರಬೇತಿಗೆ ಕಳಿಸುವಾಗ ಅವನು ಸುತ್ತಿಬಳಸಿ ಮಾತಾಡಲಿಲ್ಲ.

"ಸಾಹೇಬ್ರು ಯಾರನ್ನ ಪಾಸ್ ಮಾಡ್ತಾರ ಅವಗ ಮಷಿನ್. ಇನ್ನೊಬ್ಬಾವ ಅವನ ಹಿಂದ ಟೊಂಗಿ ಕಡೀಬೇಕು. ಒಲ್ಲೆ ಅಂದ್ರ ಮನಿಗೆ ಹೋಗ್ರಿ. ಜೋಡಿ ಗರಗಸ ಇನ್ನ ಸಾಕು."

ದಾರಿಯಲ್ಲಿ ದಿಲಾವರ ನಗುತ್ತಲೇ ಇದ್ದ. ಮಷಿನ್ ತನಗೇ ಎಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

"ಚಿಂತಿ ಮಾಡಬ್ಯಾಡಲೇ. ನೀ ಟೊಂಗಿ ಕಡದ್ರೂ ಬೀಡಿ ನಾನ ಕೊಡಸ್ತೇನಿ," ಎಂದ. ನಾನು ಹೆಜ್ಜೆ ಜೋರು ಮಾಡಿದೆ.

ತರಬೇತಿ ನಡೆದದ್ದು ತೊಡೆ ದಪ್ಪದ ಸಾಗವಾನಿ ಮರಗಳ ನೆಡುತೋಪಿನಲ್ಲಿ. ಕಲಿಸುವ ಸಾಹೇಬರು ಮೈಸೂರು ಕಡೆಯವರು, ಒಳ್ಳೆಯವರೇ. ಬುಡದ ಪೊದೆ ಸವರಿಸಿದರು. ಮರ ಎತ್ತ ವಾಲಿದೆ ನೋಡಲು ಹೇಳಿದರು. ಮರ ಬೀಳುವಾಗ ಪಾರಾಗಲು ಹಿಂದಕ್ಕೆ ಓರೆಯಾಗಿ ದಾರಿ ಮಾಡಿಸಿದರು. ಬೀಳುವ ಕಡೆ ಕಾಂಡಕ್ಕೆ ಮೊದಲು ಓರೆ ಕಚ್ಚು ಹಾಕಿ ಬಾಯಿ ತೆಗೆಯಬೇಕು, ಆಮೇಲೆ ಹಿಂದಿನಿಂದ ಕೊಯ್ಯುತ್ತ ನಡುವೆ ಒಂದಿಷ್ಟು ಮರ ಕೊಯ್ಯದೆ ಬಿಡಬೇಕು; ಬಾಗಿಲು ಬಿಜಾಗರಿಯ ಮೇಲೆ ತಿರುಗುವ ಹಾಗೆ ಮರ ಅದರ ಮೇಲೆ ತಿರುಗಿ ಬೀಳುತ್ತದೆ. ಬೇರೆ ಯಾರೂ ಎರಡು ಮರದುದ್ದಕ್ಕಿಂತ ಹತ್ತಿರ ನಿಲ್ಲಬಾರದು. ಇದೆಲ್ಲ ದಿಲಾವರನಿಗೆ ನೀರು ಕುಡಿದಷ್ಟು ಸಲೀಸು.

"ಹೆಬ್ಬೆರಳು ಹಿಡಿಕೆ ಸುತ್ತ ಇರಬೇಕು. ಏನೇ ಆಗಲಿ, ಕೈ ಸಡಿಲ ಬಿಡಬಾರದು," ಎಂದರು ಸಾಹೇಬರು.

ಪರೀಕ್ಷೆಗೆ ದಿಲಾವರನೇ ಮೊದಲು ನಿಂತ. ಯಂತ್ರ ಗುಡುಗಿತು. ಬಾಯಿ ಚೊಕ್ಕ ತೆಗೆದ. ಹಿಂದಿನಿಂದ ಕೊಯ್ಯುವಾಗ ಅವನ ಭುಜ ಹಿಂದೆ ಮುಂದೆ ತೂಗತೊಡಗಿತು. ಎದುರಿಗೆ ಯಾರೂ ಇಲ್ಲ. ಆದರೂ ಎಳೆದ, ಬಿಟ್ಟ. ಎಳೆದ, ಬಿಟ್ಟ. ಗರಗಸದ ತುದಿ ಪಕ್ಕದ ಎಳೆ ಕಾಂಡಕ್ಕೆ ತಾಗಿದ್ದೇ ತಡ, ಯಂತ್ರ ನೆಗೆದು ಅವನ ಹೆಗಲ ಮೇಲಿನ ಅಂಗಿ ಹರಿದುಕೊಂಡು ಹೋಯಿತು. ಚರ್ಮಕ್ಕೆ ತಾಗಲಿಲ್ಲ, ಅವನ ಪುಣ್ಯ.

ಸಾಹೇಬರು ನೀರು ಕುಡಿಸಿ, ಇನ್ನೊಂದು ಮರ ತೋರಿಸಿದರು. ಅಲ್ಲೂ ಅದೇ ಕಥೆ. ಯಂತ್ರ ಕಸಿದು ಬಂದ್ ಮಾಡಿದರು.

"ಯಾಕಪ್ಪಾ ಬಿಡ್ತೀಯ?"

"ನಾ ಬಿಡೂದಿಲ್ರಿ. ಕೈ ತಾವ ಬಿಡತಾವ್ರಿ," ಎಂದು ದಿಲಾವರ ತನ್ನ ಅಂಗೈ ನೋಡಿಕೊಂಡ.

ನನ್ನ ಸರದಿ ಬಂತು. ಕತ್ತು ಹಿಸುಕುವ ಹಾಗೆ ಹಿಡಿದು ಒತ್ತಿದೆ. ಮರ ಸ್ವಲ್ಪ ಸೊಟ್ಟ ಬಿತ್ತು.

"ಮರ ನೆಟ್ಟಗೆ ಕೆಡವೋದು ಆಮೇಲೂ ಕಲೀಬಹುದು. ಹಿಡಿತ ಸರಿಯಾಗಿದೆ. ನೀನು ಪಾಸು," ಎಂದರು.

ಹುಟ್ಟಾ ದಡ್ಡನಿಗೆ ಪದಕ ಕೊಟ್ಟ ಹಾಗಾಯಿತು. ನನ್ನ ತಲೆ ಕೆಟ್ಟಿತು. "ಅವನ ಮುಂದ ನಾ ಕಸಾ ಇದ್ದಂಗ್ರಿ. ಇನ್ನೊಂದು ವಾರ ಅವಗ ಕಲಸ್ರಿ. ನಿಮಗೇನ ಗಂಟ ಹೋಗತೈತಿ?" ಎಂದು ಕೂಗಾಡಿದೆ.

"ವಾರದಲ್ಲಿ ಹೋಗೋ ರೂಢಿ ಅಲ್ಲಪ್ಪ ಅದು. ನಾಳೆ ಕುತ್ತಿಗೆ ಕೊಯ್ಕೊಂಡ್ರೆ ಅವನ ಹೆಂಡತಿಗೆ ನೀನು ಹೋಗಿ ಹೇಳ್ತೀಯಾ?"

ಸಾಹೇಬರ ಮಾತು ಸರಿಯಿತ್ತು. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ತಿರುಗಿ ಬರುವಾಗ ದಿಲಾವರ ಹೆಗಲ ಮೇಲೆ ಹರಿದ ಅಂಗಿಯನ್ನು ಎಳೆದು ಗಂಟು ಹಾಕಿಕೊಂಡ. ಆಮೇಲೆ, "ಅವರ ಮುಂದ ನನ್ನ ಸಲುವಾಗಿ ಯಾಕ ಭಿಕ್ಷಾ ಬೇಡಿದಿ? ನಾ ಹೇಳಿದ್ನೇನ?" ಎಂದ.

"ನಿನ್ನ ಸಲುವಾಗಿ ಬಾಯಿ ಮಾಡಿದ್ದ ತಪ್ಪಾತೇನಲೇ?"

"ಹೂಂ. ತಪ್ಪಾತು."

ಸೋಮವಾರ ಕಾಡಿಗೆ ಹೋದೆವು. ಅವನು ಕೊಡಲಿ ಹಿಡಿದುಕೊಂಡು ನಿಯಮದ ಪ್ರಕಾರ ಎರಡು ಮರದುದ್ದ ದೂರ ನಿಂತ. ಇಷ್ಟು ವರ್ಷ ಒಂದು ಕಾಂಡದ ಅಂತರದಲ್ಲಿ ಮುಖ ನೋಡಿಕೊಂಡು ದುಡಿದವರು ನಾವು. ನಾನು ಮರ ಕೆಡವಿದೆ, ಯಂತ್ರ ಬಂದ್ ಮಾಡಿದೆ, ಕೈ ಎತ್ತಿ ಕರೆದೆ. ಬಂದ.

"ಟೊಂಗಿ ಎಲ್ಲಿಂದ ಕಡೀಲ್ರಿ, ಪರಸಪ್ಪನವರ?"

ಚೇಷ್ಟೆ ಇದ್ದೀತೆಂದು ಅವನ ಮುಖ ನೋಡಿದೆ. ಚೇಷ್ಟೆ ಇರಲಿಲ್ಲ.

"ಲೇ ಹಲಕಟ್, ರೀ ಯಾರಿಗೆ ಹಚ್ಚತಿ?" ಎಂದೆ.

ಅವನು ನೆಲ ನೋಡುತ್ತ, "ಎಲ್ಲಿಂದ ಕಡೀಲಿ ಹೇಳ್ರಿ," ಎಂದ.

"ಬುಡದ ಕಡಿಂದ," ಎಂದೆ.

ಅವನು ಕೊಡಲಿ ಎತ್ತಿದ. ನಾನು ಯಂತ್ರ ಎತ್ತಿಕೊಂಡು ಮುಂದಿನ ಮರಕ್ಕೆ ನಡೆದೆ.