ಗುರುವಾರದ ಫೋನು

ಬೀದಿಯ ತಿರುವಿನಲ್ಲಿ ನಿಲ್ಲಿಸಿ, ಅವಳು ಮಗಳ ಕುತ್ತಿಗೆಯಿಂದ ಶಾಲೆಯ ಐಡಿ ಕಾರ್ಡು ಎಳೆದು ತೆಗೆದು, ಪಟ್ಟಿಯನ್ನು ಸುರುಳಿ ಸುತ್ತಿ ಚೀಲದ ತಳಕ್ಕೆ ತುರುಕಿದಳು.

"ಎಲ್ಲರೂ ಹಾಕ್ಕೊಂಡು ಬಂದಿರ್ತಾರಮ್ಮ. ಹೆಡ್‌ಮಾಸ್ಟರೇ ಹೇಳಿದ್ದು."

"ಎಲ್ಲರ ಸುದ್ದಿ ನಮಗೆ ಬೇಡ. ಟೀಚರ್ ಮುಖ ನೋಡೋದು, ಕೈ ಮುಗಿಯೋದು, ಬರೋದು. ಯಾರಾದ್ರೂ ಫೋಟೊಗೆ ಮೊಬೈಲ್ ಎತ್ತಿದ್ರೆ?"

"ನಿನ್ನ ಬೆನ್ನ ಹಿಂದೆ ಹೋಗೋದು," ಎಂದಳು ಮಗಳು, ಮಗ್ಗಿ ಒಪ್ಪಿಸಿದ ಹಾಗೆ.

ಮಗಳಿಗೆ ಒಂಬತ್ತು ವರ್ಷ. ಆಳು ಇಷ್ಟೇ ಇಷ್ಟು, ಮಾತು ಮಾತ್ರ ಖಾರ. ಹಾಗಾಗಿ ಶಾಲೆಯಲ್ಲಿ ಎಲ್ಲರೂ ಅವಳನ್ನು ಮೆಣಸು ಎಂದೇ ಕರೆಯುತ್ತಾರೆ. ಆ ಹೆಸರು ಇಟ್ಟವರು ನಾಲ್ಕನೇ ಕ್ಲಾಸಿನ ಟೀಚರು. ಆ ಟೀಚರು ನಿನ್ನೆ ಸಂಜೆ ತೀರಿಕೊಂಡಿದ್ದರು. ಮೆಣಸಿನ ಅಮ್ಮ ಪೇಟೆಯ ಅಂಗಡಿಯೊಂದರಲ್ಲಿ ಬಟ್ಟೆ ಹೊಲಿಯುತ್ತಾಳೆ. ಗಿರಾಕಿಗಳಿಗೆಲ್ಲ ಅವಳು ಹೊಲಿಗೆಯಮ್ಮ. ಬೇರೆ ಹೆಸರು ಅವಳು ಯಾರಿಗೂ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ.

ಟೀಚರ ಮನೆಯ ಮೆಟ್ಟಿಲ ತುಂಬ ಚಪ್ಪಲಿಗಳು ಬಿದ್ದಿದ್ದವು. ಮುಂದಿನ ಕೋಣೆಯಲ್ಲಿ ಗೋಡೆಗೆ ತಾಗಿಸಿದ ಮಂಚ, ಮಂಚದ ಮೇಲೆ ಬಿಳಿ ಹೊದಿಕೆ, ಅದರೊಳಗೆ ಟೀಚರು. ಪಕ್ಕದಲ್ಲಿ ನೆಲದ ಮೇಲೆ ಕೂತು ಟೀಚರ ಅಕ್ಕ ಅಳುತ್ತಿದ್ದಳು. ಅಳು ನಿಲ್ಲುತ್ತದೆ ಎನ್ನುವಷ್ಟರಲ್ಲಿ ಮತ್ತೊಬ್ಬರು ಬರುತ್ತಿದ್ದರು, ಮತ್ತೆ ಶುರುವಾಗುತ್ತಿತ್ತು. ತಲೆಯ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೀಚರ ಯಜಮಾನರು. ಮೂವತ್ತೊಂದು ವರ್ಷ ಕಂಡಕ್ಟರಾಗಿ ಬಸ್ಸಿನಲ್ಲಿ ಟಿಕೆಟ್ ಹರಿದವರು. ಎಂಜಿನ್ ಸದ್ದಿಗೆ ಒಂದು ಕಿವಿ ಪೂರ್ತಿ, ಇನ್ನೊಂದು ಅರ್ಧ ಹೋಗಿತ್ತು. ಜೇಬಿನಲ್ಲಿ ಹೆಂಡತಿಯ ಫೋನು. ಅದು ಬಡಿದುಕೊಂಡಾಗಲೆಲ್ಲ ತೆಗೆದು, ಸ್ಪೀಕರ್ ಒತ್ತಿ, ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತಿದ್ದರು.

"ಹಲೋ! ಜೋರಾಗಿ ಹೇಳಿ! ಹೌದಪ್ಪ, ಹೋಗ್ಬಿಟ್ಲು. ಕಾಪಿ ತಿದ್ದುತ್ತಾ ಕೂತಿದ್ಲು, ಹಾಗೇ ಮೇಜಿನ ಮೇಲೆ ತಲೆ ಇಟ್ಲು. ನಿದ್ದೆ ಅಂದ್ಕೊಂಡು ನಾನೇ ದೀಪ ಆರಿಸ್ದೆ. ಆಂ? ಗಾಡಿ ಐದಕ್ಕೆ ಬರುತ್ತೆ!"

ಹೊಲಿಗೆಯಮ್ಮನಿಗೆ ಟೀಚರ ಮುಖಕ್ಕಿಂತ ಮೊದಲು ಕಂಡಿದ್ದು ಆ ಫೋನು. ಆಮೇಲೆ ಗೋಡೆಯ ಗಡಿಯಾರ. ನಾಲ್ಕಕ್ಕೆ ಹತ್ತು ನಿಮಿಷ. ಆಮೇಲೆ ನೆನಪಾಯಿತು, ಇವತ್ತು ಗುರುವಾರ. ರಾತ್ರಿಯೆಲ್ಲ ಅತ್ತ ಗಡಿಬಿಡಿಯಲ್ಲಿ ವಾರವೇ ಮರೆತುಹೋಗಿತ್ತು. ಇನ್ನು ನಲವತ್ತು ನಿಮಿಷಕ್ಕೆ ಅವನ ಫೋನು ಬರುತ್ತದೆ. ಈ ಪುಣ್ಯಾತ್ಮ ಅದನ್ನೂ ಹೀಗೇ ಎತ್ತುತ್ತಾನೆ. ಆ ಮಗುನಾ, ಇಲ್ಲೇ ಕೂತಿದೆಯಲ್ಲಪ್ಪ, ಎನ್ನುತ್ತಾನೆ.

●

ತಪ್ಪು ಟೀಚರದೇ. ಅದನ್ನು ಅವರು ಸಾಯುವವರೆಗೂ ಮರೆಯಲಿಲ್ಲ.

ಮೂರು ತಿಂಗಳ ಹಿಂದೆ ಮೊಬೈಲಿನಲ್ಲೇ ನಡೆಯುವ ಬಾಯಿಲೆಕ್ಕದ ಸ್ಪರ್ಧೆಗೆ ಟೀಚರು ಮೆಣಸನ್ನು ಕೂರಿಸಿದ್ದರು. ನಾನೂರು ಶಾಲೆಗಳ ಮಕ್ಕಳು. ಮೆಣಸು ಕಣ್ಣು ಮುಚ್ಚಿಕೊಂಡು, ಗಾಳಿಯಲ್ಲಿ ಬೆರಳಾಡಿಸುತ್ತಾ, ಪಟಪಟನೆ ಉತ್ತರ ಹೇಳಿ ಮೊದಲನೆಯವಳಾಗಿ ಬಂದುಬಿಟ್ಟಳು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಟೀಚರ ಮಕ್ಕಳು ಯಾರೂ ಯಾವುದರಲ್ಲೂ ಮೊದಲು ಬಂದಿರಲಿಲ್ಲ. ಖುಷಿಗೆ ಅವರು ಮಗುವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಫೋಟೊ ತೆಗೆದರು. ಅವರು ತೆಗೆದದ್ದರಲ್ಲಿ ಅಲುಗಾಡದೆ ಬಂದ ಮೊದಲನೇ ಫೋಟೊ ಅದು. ಸ್ಪರ್ಧೆಯವರಿಗೆ ಕಳಿಸಿದರು, ಕೆಳಗೆ ತಮ್ಮ ನಂಬರನ್ನೂ ಬರೆದರು. ಸ್ಪರ್ಧೆಯವರು ಊರು, ಶಾಲೆ ಏನೂ ಹಾಕದೆ, ಮಗುವಿನ ಮುಖ ಮತ್ತು ಟೀಚರ ನಂಬರು ಮಾತ್ರ ಹಾಕಿ ಲೋಕಕ್ಕೆಲ್ಲ ಹಂಚಿದರು.

ಆರನೇ ದಿನಕ್ಕೆ ಫೋನು ಬಂತು. "ನಾನು ಆ ಮಗುವಿನ ತಂದೆ. ದೂರದಲ್ಲಿ ಕೆಲಸ. ಒಂದು ಸೈಕಲ್ ಕಳಿಸೋಣ ಅಂತ. ವಿಳಾಸ ಹೇಳ್ತೀರಾ ಟೀಚರಮ್ಮಾ?"

ಅವರಮ್ಮನನ್ನು ಕೇಳಿ ಮನೆ ನಂಬರು ಸರಿಯಾಗಿ ಹೇಳುತ್ತೇನೆ ಎಂದು ಅವನಿಗೆ ಹೇಳಿ ಟೀಚರು ಹಿಗ್ಗಿ ಹೀರೆಕಾಯಿಯಾಗಿ ನೇರ ಹೊಲಿಗೆ ಅಂಗಡಿಗೆ ಬಂದಿದ್ದರು. "ಏನೇ, ಗಂಡ ಇದಾನೆ ಅಂತ ಒಂದು ಮಾತೂ ಹೇಳಿಲ್ಲ! ಎಷ್ಟು ಮೃದುವಾಗಿ ಮಾತಾಡ್ತಾನೆ!"

ಹೊಲಿಗೆಯಮ್ಮನ ಕಾಲು ಮಿಷನ್ನಿನ ಮೇಲೇ ನಿಂತುಹೋಯಿತು. ಆಮೇಲೆ, ಗಿರಾಕಿಗಳೆಲ್ಲ ಹೋದ ಮೇಲೆ, ಅವಳು ಎಲ್ಲವನ್ನೂ ಹೇಳಿದಳು. ಮಗುವಿನ ಕೈ ಎರಡು ಸಲ ಮುರಿದಿದ್ದು, ಎರಡು ಸಲವೂ 'ಮೆಟ್ಟಿಲಿಂದ ಬಿದ್ದಳು' ಎಂದು ಡಾಕ್ಟರಿಗೆ ತಾನೇ ಸುಳ್ಳು ಹೇಳಿದ್ದು, ಮೂರನೇ ಸಲಕ್ಕೆ ಕಾಯದೆ ಒಂದು ಚೀಲ ಹಿಡಿದು ಓಡಿಬಂದಿದ್ದು. ಪೊಲೀಸರು 'ಅವನು ಬರಲಿ, ಆಮೇಲೆ ನೋಡೋಣ' ಎಂದಿದ್ದು.

ಟೀಚರು ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತರು. "ನನ್ನ ಕೈಯಾರೆ ಮಾಡಿದ್ನಲ್ಲೇ," ಎಂದರು. ಬಹಳ ಹೊತ್ತು ಅದೊಂದೇ ಮಾತು.

ಮುಂದಿನ ಗುರುವಾರ ಅವನು ಮತ್ತೆ ಮಾಡಿದಾಗ ಟೀಚರು, ಮಗು ಶಾಲೆ ಬಿಟ್ಟು ಹೋಗಿದೆ, ಎಲ್ಲಿಗೆಂದು ವಿಚಾರಿಸುತ್ತೇನೆ, ಮುಂದಿನ ವಾರ ಮಾಡಿ ಎಂದರು. ಅದರ ಮುಂದಿನ ವಾರ ಇನ್ನೊಂದು ಸುಳ್ಳು. ನಂಬರೇ ಬದಲಾಯಿಸಿಬಿಡಿ ಎಂದು ಹೊಲಿಗೆಯಮ್ಮ ಕಾಲು ಹಿಡಿದುಕೊಂಡಿದ್ದಳು.

"ದಡ್ಡಿ," ಎಂದಿದ್ದರು ಟೀಚರು. "ಬದಲಾಯಿಸಿದ್ರೆ ಬೇರೆ ದಾರಿ ಹುಡುಕ್ತಾನೆ. ನನ್ನ ಹತ್ರ ಕೇಳ್ತಿರೋವರೆಗೂ ಅವನಿಗೆ ಬೇರೆ ಯಾವ ದಾರಿನೂ ಸಿಕ್ಕಿಲ್ಲ ಅಂತ ನಮಗೆ ಗೊತ್ತಾಗುತ್ತೆ. ಅವನು ಫೋನ್ ಮಾಡದೇ ಇರೋ ಗುರುವಾರ ಹೆದರ್ಕೋ. ಅಲ್ಲೀವರೆಗೂ ಬಟ್ಟೆ ಹೊಲಿ."

"ಯಜಮಾನ್ರಿಗೆ ಹೇಳಿದೀರಾ?"

"ಅವರಿಗಾ? ಒಳ್ಳೇ ಮನುಷ್ಯರು ಕಣೇ, ಆದ್ರೆ ಬಾಯಿಗೆ ಬಾಗಿಲೇ ಇಲ್ಲ. ಬಸ್ಸಲ್ಲಿ ಹತ್ತಿದವರಿಗೆಲ್ಲ ನನ್ನ ಗರ್ಭದ ಸುದ್ದಿ ಹೇಳಿದವರು. ಆ ಮಗು ನಿಲ್ಲಲಿಲ್ಲ. ಸಮಾಧಾನ ಹೇಳೋಕೆ ಬಂದವರು ಮಾತ್ರ ಒಂದು ಬಸ್ಸಿನಷ್ಟು," ಎಂದು ನಕ್ಕಿದ್ದರು.

●

"ಫೋಟೊ ವಿಷಯದಲ್ಲಿ ಎಷ್ಟು ಹಟ ಅಂತೀರಿ," ಎನ್ನುತ್ತಿದ್ದರು ಹೆಡ್‌ಮಾಸ್ಟರು, ಬಾಗಿಲ ಬಳಿ ನಿಂತು. "ಮೂರು ತಿಂಗಳಿಂದ ಶನಿವಾರ ಶನಿವಾರ ಅದೊಂದೇ ಪಾಠ. ಮುಖ ಯಾರದೋ ಅಪ್ಪಣೆ ಅವರದು, ಅಂತ ಮಕ್ಕಳ ಬಾಯಲ್ಲಿ ಹೇಳಿಸೋರು. ಶಾಲೆ ವಾರ್ಷಿಕೋತ್ಸವದ ಒಂದೇ ಒಂದು ಫೋಟೊ ಹಾಕೋಕೆ ಬಿಡ್ಲಿಲ್ಲ ನನಗೆ."

"ನಮ್ಮನೇಲೂ ಅಷ್ಟೇ ಸಾರ್," ಎಂದಳು ಶಾಲೆಯ ಆಯಾ. "ಮೊಮ್ಮಗ ನನ್ನ ಫೋನ್ ಕಿತ್ಕೊಂಡು ಕೇಳ್ತಾನೆ, ಅಜ್ಜಿ, ಯಾರು ಇವನು, ಗುಡ್ ಮಾರ್ನಿಂಗ್ ಅಂತಾನಲ್ಲ, ನಿಂಗೆ ಗುರುತಾ? ಬಾಗಿಲು ತಟ್ಟಿದ್ರೆ ಯಾರು ಅಂತ ಕೇಳಲ್ವಾ, ಫೋನಲ್ಲಿ ಯಾಕೆ ಕೇಳಲ್ಲ, ಅಂತಾನೆ. ಟೀಚರಮ್ಮ ಕಲಿಸಿದ್ದಂತೆ."

"ಅಷ್ಟೊಂದು ಭಯ ಯಾಕೋ ಆ ಯಮ್ಮನಿಗೆ," ಎಂದರು ಹೆಡ್‌ಮಾಸ್ಟರು. "ಮೊದಲು ಹಾಗಿರ್ಲಿಲ್ಲ."

ಹೊಲಿಗೆಯಮ್ಮ ಮಗಳನ್ನು ಮಂಚದ ಪಕ್ಕ, ಮಕ್ಕಳ ಗುಂಪಿನ ಹಿಂದೆ ಕೂರಿಸಿದಳು. ಎದ್ದು ಹೋಗಿಬಿಡೋಣವೇ? ಹೋದರೂ ಆ ಫೋನು ಇಲ್ಲೇ ಇರುತ್ತದೆ, ಆ ಬಾಯಿಯೂ ಇಲ್ಲೇ ಇರುತ್ತದೆ. ಬೆಳಗಾದರೆ ಅವನು ಶಾಲೆಯ ಗೇಟಿನಲ್ಲಿ ಸೈಕಲ್ ಹಿಡಿದು ನಿಂತಿರುತ್ತಾನೆ. ನಾಲ್ಕೂ ಇಪ್ಪತ್ತಕ್ಕೆ ಕಂಡಕ್ಟರು ನೀರು ಕುಡಿಯಲು ಒಳಗೆ ಎದ್ದುಹೋದರು. ಅವಳು ಹಿಂದೆಯೇ ಹೋದಳು.

"ಅಣ್ಣಾ," ಅವಳು ಅವರ ಅರ್ಧ ಕಿವಿಯ ಕಡೆಗೆ ಬಂದು ಹೇಳಿದಳು, "ಆ ಫೋನು ನನಗೆ ಕೊಡ್ತೀರಾ? ಒಂದರ್ಧ ಗಂಟೆ."

"ಯಾಕಮ್ಮ? ಇವತ್ತು ಅದು ನನ್ನ ಕೈ ಬಿಡಲ್ಲ. ಗುರುವಾರ ಇವತ್ತು." ಅವರು ಲೋಟ ಕೆಳಗಿಟ್ಟರು. ದನಿ ತಗ್ಗಿಸಿದೆ ಎಂದುಕೊಂಡರು, ತಗ್ಗಿರಲಿಲ್ಲ. "ನಿನ್ನ ಹತ್ರ ಯಾಕೆ ಹೇಳ್ತಿದೀನೋ. ಮೂರು ತಿಂಗಳಿಂದ ಪ್ರತಿ ಗುರುವಾರ ನಾಲ್ಕೂವರೆಗೆ ಯಾವನೋ ಗಂಡಸಿನ ಫೋನು. ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡು ಮಾತಾಡ್ತಿದ್ಲು. ಬರೋವಾಗ ಮುಖ ಬಿಳಿಚಿರೋದು. ಕೇಳಿದ್ರೆ ಶಾಲೆ ವಿಷಯ ಅನ್ನೋಳು. ನಾನೇನು ಹುಚ್ಚನಾ? ಅವಳನ್ನ ಕಳಿಸೋ ಮುಂಚೆ ನನಗೆ ಗೊತ್ತಾಗ್ಬೇಕಮ್ಮ. ಎತ್ತೇ ಎತ್ತುತ್ತೀನಿ. ನೀನು ಯಾರಯ್ಯಾ, ನನ್ನ ಹೆಂಡತಿ ಸತ್ತು ಮಲಗಿದಾಳೆ, ಈಗ ಹೇಳು, ಅಂತೀನಿ."

ಹೇಳುತ್ತಾ ಅವರು ಜೇಬಿನ ಮೇಲೆ ಅಂಗೈ ಒತ್ತಿಕೊಂಡರು. ಈ ಮನುಷ್ಯನಿಗೂ ಹೆದರಿಕೆ ಎಂದು ಅವಳಿಗೆ ಆಗ ತಿಳಿಯಿತು. ಆದರೆ ಹೇಳುವುದು ಹೇಗೆ? ಓಡಿಬಂದ ಹೊಸದರಲ್ಲಿ ಒಮ್ಮೆ ಅವಳು ಸ್ವಂತ ಅತ್ತಿಗೆಗೆ ನಂಬಿ ಹೇಳಿದ್ದಳು. ನಾಲ್ಕೇ ದಿನಕ್ಕೆ ಅವನು ಬಾಗಿಲಲ್ಲಿ ನಿಂತಿದ್ದ, ಮತ್ತೆ ಊರು ಬಿಟ್ಟು ಓಡಬೇಕಾಯಿತು. ಆಮೇಲೆ ಅವಳು ನಂಬಿದ್ದು ಒಬ್ಬರನ್ನೇ. ಆ ಒಬ್ಬರೂ ಹೇಳಬೇಡ ಎಂದದ್ದು ಇವರ ಬಗ್ಗೆಯೇ.

ಗಡಿಯಾರ ನಾಲ್ಕೂ ಇಪ್ಪತ್ತಾರು ತೋರಿಸುತ್ತಿತ್ತು.

"ಅವನು ನನ್ನ ಗಂಡ," ಎಂದಳು.

"ಆಂ?"

ಅವಳು ಇನ್ನೂ ಹತ್ತಿರ ಬಂದಳು. "ಅಣ್ಣಾ, ಆ ಫೋನ್ ಮಾಡೋನು ನನ್ನ ಗಂಡ. ಮೆಣಸಿನ ಅಪ್ಪ. ನಮ್ಮನ್ನ ಹುಡುಕ್ತಿದಾನೆ. ಸಿಕ್ಕಿದ್ರೆ ಮಗು ಉಳಿಯಲ್ಲ. ಟೀಚರು ಪ್ರತಿ ವಾರ ಅವನಿಗೆ ಸುಳ್ಳು ಹೇಳಿ ಹೇಳಿ ನಮ್ಮನ್ನ ಉಳಿಸಿದಾರೆ. ನಿಮ್ಮ ಮರ್ಯಾದೆಗೆ ಕುಂದು ಬರೋದು ಏನೂ ಮಾಡಿಲ್ಲ ಅವರು."

ಕಂಡಕ್ಟರು ಜೇಬಿನಿಂದ ಫೋನು ತೆಗೆದು ನೋಡಿ ಮತ್ತೆ ಒಳಗಿಟ್ಟರು.

"ನನಗೆ ಯಾಕೆ ಹೇಳ್ಲಿಲ್ಲ ಅವಳು?" ಎಂದರು. ಉತ್ತರವನ್ನೂ ಅವರೇ ಕೊಟ್ಟುಕೊಂಡರು. "ಊರಿಗೆಲ್ಲ ಡಂಗುರ ಹೊಡೀತೀನಿ ಅಂತ. ಅಲ್ವಾ?"

ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಏನು ಹೇಳಬೇಕು, ಏನು ಹೇಳಬಾರದು, ಒಂದನ್ನೂ ಅವಳು ಇನ್ನೂ ಹೇಳಿಕೊಟ್ಟಿರಲಿಲ್ಲ. ಕಂಡಕ್ಟರು ಫೋನು ತೆಗೆದು ಮುಂದಿನ ಕೋಣೆಯ ಹೊಸ್ತಿಲಿಗೆ ಬಂದರು, ಅಭ್ಯಾಸದ ಕೈ ಸ್ಪೀಕರನ್ನು ಒತ್ತಿಯೂ ಬಿಟ್ಟಿತು.

"ಟೀಚರಮ್ಮಾ, ನಮಸ್ಕಾರ." ಜೇನಿನಂಥ ದನಿ ಕೋಣೆಯ ತುಂಬ ಹರಡಿತು. "ಪಾಪ, ವಾರ ವಾರ ನಿಮಗೆ ತೊಂದರೆ. ನನ್ನ ಮಗಳ ವಿಷಯ ಏನಾದ್ರೂ ಗೊತ್ತಾಯ್ತಾ? ಆ ಲೆಕ್ಕದ ಹುಡುಗಿ?"

ಅದೇ ಹೊತ್ತಿಗೆ ಟೀಚರ ಅಕ್ಕ ಹೊಸದಾಗಿ ಗೋಳಿಟ್ಟಳು.

"ಅದೇನು, ಯಾರು ಅಳ್ತಿದಾರೆ?" ದನಿ ಚೂಪಾಯಿತು.

"ಟೀವಿ," ಎಂದರು ಕಂಡಕ್ಟರು.

ಹೊಲಿಗೆಯಮ್ಮ ಅವರನ್ನು ದಾಟಿ ಕೋಣೆಯ ನಡುವಿಗೆ ಓಡಿದಳು. ತಲೆಯ ಮೇಲಿನ ಸೆರಗು ಜಾರಿಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಎರಡು ವರ್ಷ ಯಾರಿಗೂ ಸರಿಯಾಗಿ ಮುಖ ತೋರಿಸದವಳು ಅಷ್ಟೂ ಜನರ ಮುಂದೆ ನಿಂತು ಕೈ ಜೋಡಿಸಿ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತಿರುಗಿದಳು, ತುಟಿಯ ಮೇಲೆ ಬೆರಳಿಟ್ಟಳು, ಮತ್ತೆ ಕೈ ಜೋಡಿಸಿದಳು. ಹೆಡ್‌ಮಾಸ್ಟರು, "ಲೆಕ್ಕದ ಹುಡುಗಿ ಅಂದ್ರೆ ನಮ್ಮ ಮೆಣ..." ಎನ್ನುವಷ್ಟರಲ್ಲಿ, ಇಪ್ಪತ್ತು ವರ್ಷದಿಂದ ಅವರೆದುರು ಕುರ್ಚಿಯಲ್ಲಿ ಕೂತೂ ಇರದ ಆಯಾ ತನ್ನ ಅಂಗೈಯಿಂದ ಅವರ ಬಾಯನ್ನು ಗಟ್ಟಿಯಾಗಿ ಮುಚ್ಚಿದಳು. ಟೀಚರ ಅಕ್ಕ ಏನೂ ಅರ್ಥವಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ನೀವು ಯಾರು? ಟೀಚರ್ ಎಲ್ಲಿ?"

"ನಾನು ಅವರ ಯಜಮಾನ." ಕಂಡಕ್ಟರು ಮಂಚದ ಕಡೆ ನೋಡಿದರು. "ಅವಳು ಕಾಪಿ ತಿದ್ದುತ್ತಾ ಇದಾಳೆ. ರಾಶಿ ಬಿದ್ದಿದೆ. ಕೈ ಬಿಡುವಿಲ್ಲ."

"ಒಂದು ನಿಮಿಷ ಕೊಡಿ ಸಾರ್."

"ಇಲ್ಲಪ್ಪ, ಈಗ ಆಗಲ್ಲ. ನಿಮ್ಮ ಮಗು ವಿಷಯ ನನಗೂ ಹೇಳಿದಾಳೆ. ವಿಚಾರಿಸ್ತಾನೇ ಇದಾಳೆ. ಇನ್ನೂ ಪತ್ತೆ ಆಗಿಲ್ಲ. ಮುಂದಿನ ಗುರುವಾರ ಮಾಡಿ. ಇದೇ ಹೊತ್ತಿಗೆ. ಅವಳಿಗೆ ಬಿಡುವಿಲ್ಲದಿದ್ರೆ ನಾನಿರ್ತೀನಿ. ಮಾಡ್ತೀರಲ್ಲ? ತಪ್ಪಿಸ್ಬೇಡಿ."

ಕೋಣೆಯಲ್ಲಿ ನಲವತ್ತು ಜನ ಉಸಿರು ಬಿಗಿಹಿಡಿದಿದ್ದರು.

"ಆಗ್ಲಿ ಸಾರ್. ಮಾಡ್ತೀನಿ."

ಫೋನು ಕಟ್ಟಾಯಿತು. ಕಂಡಕ್ಟರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಯಾರಿಗೂ ಮತ್ತೆ ಅಳು ಶುರುಮಾಡುವ ಧೈರ್ಯ ಬರಲಿಲ್ಲ. ಹೊಲಿಗೆಯಮ್ಮ ಮಕ್ಕಳ ಗುಂಪಿನ ಕಡೆ ತಿರುಗಿದಳು. ಮಗಳು ಕೂತಿದ್ದ ಜಾಗ ಖಾಲಿಯಾಗಿತ್ತು.

ಹೊರಗೆ ಗಾಡಿ ಹೊತ್ತಿಗೆ ಮೊದಲೇ ಬಂದು ನಿಂತು ಎರಡು ಸಲ ಹಾರನ್ ಹೊಡೆಯಿತು. ಹೊರಲು ಬಂದ ನಾಲ್ವರು ಒಳಗೆ ಬಂದು, ಬಗ್ಗಿ, ಹೊದಿಕೆಯ ತುದಿ ಸರಿಸಿ, ಮಂಚದ ಅಂಚಿಗೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು. ನೆಲಕ್ಕೆ ಇಳಿಬಿದ್ದಿದ್ದ ಬಿಳಿ ಹೊದಿಕೆಯ ಹಿಂದೆ, ಟೀಚರ ಮಂಚದ ಕೆಳಗೆ, ಮೆಣಸು ಮಂಡಿ ಮಡಿಸಿಕೊಂಡು ಗೋಡೆಗೆ ಅಂಟಿ ಮಲಗಿದ್ದಳು. ಕಣ್ಣು ತೆರೆದೇ ಇತ್ತು. ಎರಡೂ ಕೈಯಿಂದ ತನ್ನ ಬಾಯನ್ನು ತಾನೇ ಒತ್ತಿ ಹಿಡಿದಿದ್ದಳು.