ಗಿಳಿಗನೂರಿನ ಖಾನಾವಳಿ

ಅರಗು ಕರಗುವಾಗ ಒಂದು ವಾಸನೆ ಬರುತ್ತದೆ, ಸ್ವಲ್ಪ ಕಟು, ಸ್ವಲ್ಪ ಸಿಹಿ. ಯಾದಗಿರಿಯ ಪುರಸಭೆಯಲ್ಲಿ ಅಪ್ಪ ಅಂಗಡಿಕಾರರ ಪರವಾನಗಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಆ ವಾಸನೆಯಲ್ಲೇ ಕೂತು ಮಗ್ಗಿ ಬರೆಯುತ್ತಿದ್ದೆ.

ಈಗ ಪರವಾನಗಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ, ಇಲ್ಲದ ಊರೊಂದರಲ್ಲಿ. ಮೊಮ್ಮಗಳು ನಿರೀಕ್ಷಾ ಹೈದರಾಬಾದಿನ ಕನ್ನಡದವರನ್ನು ಫೋನಿನಲ್ಲಿ ಸೇರಿಸಿ 'ಗಿಳಿಗನೂರು ರಾಜ್ಯ' ಎಂಬ ಆಟ ಕಟ್ಟಿದ್ದಾಳೆ. ಅಲ್ಲಿ ಎಲ್ಲರಿಗೂ ಒಂದೊಂದು ಪಾತ್ರ. ಯಾರು ಏನು ಮಾಡಿದರೆಂದು ಬರೆಯುತ್ತ ಹೋಗುವುದು, ಭಾನುವಾರ ಸಂಜೆ ಎಲ್ಲರೂ ಕಾಲ್‌ನಲ್ಲಿ ಸೇರುವುದು. "ಅಜ್ಜಿ, ನೀನೇ ಲೈಸೆನ್ಸ್ ಆಫೀಸರ್" ಎಂದಳು. ಹೈದರಾಬಾದಿನ ಕುಷಾಯಿಗೂಡದ ನಮ್ಮ ಬಾಲ್ಕನಿಯೇ ನನ್ನ ಕಚೇರಿ.

ಆಟವಾದರೂ ಕಾನೂನು ಕಾನೂನೇ. ಪರವಾನಗಿ ಇಲ್ಲದೆ ಅಂಗಡಿ ತೆರೆಯುವಂತಿಲ್ಲ. ಕೊಡುವ ಪ್ರತಿ ವಸ್ತುವಿನ ಬೆಲೆ ಹಲಗೆಯ ಮೇಲೆ ಇರಬೇಕು. ಪುಕ್ಕಟೆ ಏನನ್ನೂ ಹಂಚುವಂತಿಲ್ಲ. ಹಿಂದೆ ಒಬ್ಬ ಮಹಾಶಯ ಪುಕ್ಕಟೆ ಸೈಕಲ್ ಹಂಚಿ ಉಳಿದ ಸೈಕಲ್ ಅಂಗಡಿಗಳನ್ನೆಲ್ಲ ಮುಚ್ಚಿಸಿದ್ದರಿಂದ ಬಂದ ನಿಯಮ ಇದು. ತಪ್ಪಿದವರಿಗೆ ಮತ್ತೆಂದೂ ಪರವಾನಗಿ ಇಲ್ಲ.

ಆಟದಲ್ಲಿ ಶಿವದೇವಿ ಎಂಬಾಕೆ ಖಾನಾವಳಿ ತೆರೆದಳು. ಗಂಡನಿಗೆ ಇಲ್ಲಿನ ಕಾರ್ಖಾನೆಗೆ ವರ್ಗವಾಗಿ, ಆಕೆ ವಿಜಯಪುರದಿಂದ ನಮ್ಮ ಹಿಂದಿನ ಗಲ್ಲಿಗೆ ಬಂದಿದ್ದಾಳೆ. ತೆಲುಗು ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಗಂಡ ಮನೆಗೆ ಬರುವವರೆಗೆ ಆಕೆ ಮನಬಿಚ್ಚಿ ಮಾತಾಡುತ್ತಿದ್ದದ್ದು ಗಿಳಿಗನೂರಿನಲ್ಲಿ ಮಾತ್ರ. ತಟ್ಟೆಗೆ ಬದನೆಯ ಎಣಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ಬಡಿಸಿದ್ದನ್ನು ಆಕೆ ಬರೆದರೆ ಓದುವವರಿಗೆ ಹಸಿವಾಗುತ್ತಿತ್ತು.

ಆಟದಲ್ಲಿ ಬಿರಿಯಾನಿ ಹೋಟೆಲ್ ನಡೆಸುವ ಸೂರಜ್ ದೂರು ಕೊಟ್ಟ. ನಿಜದಲ್ಲಿ ಬೀದರಿನ ಹುಡುಗ, ಇಲ್ಲೇ ಉಪ್ಪಲ್‌ನಲ್ಲಿ ನೌಕರಿ. ಶಿವದೇವಿಯ ಹಲಗೆಯ ಮೇಲೆ ಒಂದು ಊಟದ ಬೆಲೆ ಮಾತ್ರ ಇತ್ತು. ಅದರ ಮೇಲೆ ಕೇಳಿದಷ್ಟು ನೀಡುವ ರೊಟ್ಟಿಗೆ ಬೆಲೆಯೇ ಇರಲಿಲ್ಲ. ದೂರು ನಿಜವೆಂದು ಬರೆದರೆ ಖಾನಾವಳಿ ಮುಚ್ಚಬೇಕು. ಮುಚ್ಚಿದರೆ ಆಕೆ ಮತ್ತೆ ಮೌನಕ್ಕೆ ಬೀಳುತ್ತಾಳೆಂದು ನನಗೆ ಗೊತ್ತಿತ್ತು.

ಭಾನುವಾರ ಕಾಲ್‌ನಲ್ಲಿ ವಿಚಾರಣೆ.

"ಅಮ್ಮಾರ, ಇವರು ಫ್ರೀ ರೊಟ್ಟಿ ಹಂಚಾಕತ್ತಾರ. ಗಿರಾಕಿ ಇಲ್ದ ನನ್ನ ಬಿರಿಯಾನಿ ಹಂಡೇದ ಮ್ಯಾಲೆ ನೊಣ ಕುಂತಾವ್ರಿ" ಎಂದ ಸೂರಜ್.

"ಆ ನೊಣಕ್ಕಾದ್ರೂ ಲೈಸೆನ್ಸ್ ಐತೇನ್ರಿ?" ಎಂದಳು ಶಿವದೇವಿ.

ನಿರೀಕ್ಷಾ ನಗು ತಡೆಯಲಾರದೆ, "ಸೈಲೆನ್ಸ್!" ಎಂದಳು.

"ಶಿವದೇವಿ, ಮೇಲಿನ ರೊಟ್ಟಿಗೆ ಬೆಲಿ ಯಾಕ ಬರೀಲಿಲ್ಲವ್ವಾ?" ಎಂದು ಕೇಳಿದೆ.

"ಎಲಿ ಮುಂದ ಕುಂತವರಿಗೆ ಇನ್ನೊಂದು ರೊಟ್ಟಿ ನೀಡಿ ರೊಕ್ಕಾ ಕೇಳೂದೇನ್ರಿ, ಸುಭದ್ರಕ್ಕ? ಬರೀಬೇಕಂತ ಭಾಳ ಸಲ ಕುಂತೆ. ಕೈ ಏಳಲಿಲ್ರಿ." ಧ್ವನಿ ಸಣ್ಣದಾಗಿತ್ತು. "ಮುಚ್ಚು ಅಂದ್ರ ಮುಚ್ಚತೀನ್ರಿ. ಬೆಲಿ ಮಾತ್ರ ಬರಿಯಂಗಿಲ್ಲ."

ನಾನು ಸೂರಜನನ್ನು ಕೇಳಿದೆ.

"ನೀ ಅಲ್ಲಿ ಉಂಡೀಯೇನಪಾ?"

"ತನಿಖೆಗಂತ ಹೋಗಿದ್ದೆರಿ."

"ತನಿಖೆ ಎಷ್ಟು ರೊಟ್ಟಿ ತನಕ ನಡೀತು?"

"ಲೆಕ್ಕ ಇಟ್ಟಿಲ್ರಿ" ಎಂದ. ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಅವನೇ ಹೇಳಿದ: "ಸುಳ್ಳು ರೊಟ್ಟಿ ಅಂತ ಗೊತ್ತಿದ್ರೂ ಬಾಯಾಗ ನೀರು ಬಂತ್ರಿ. ಇಲ್ಲಿ ಹಾಸ್ಟೆಲ್ ಊಟ ಉಂಡು ಉಂಡು ನಾಲಿಗಿ ಸತ್ತೈತಿ."

ಆಗ ನನಗೆ ದಾರಿ ಕಂಡಿತು. ಉಣ್ಣಲು ಕೂತವರು ಏಳುವವರೆಗೆ ಅದು ಒಂದೇ ಊಟ, ಅದಕ್ಕೆ ಒಂದೇ ಬೆಲೆ. ಎರಡನೆಯ ರೊಟ್ಟಿ ಪುಕ್ಕಟೆಯಲ್ಲ, ಆ ಊಟದೊಳಗೇ ಇದೆ. 'ಖಾನಾವಳಿ' ಎಂಬ ಹೊಸ ವರ್ಗ ಮಾಡಿದೆ. ಮುಂದೆ ಯಾರೂ ದುರುಪಯೋಗ ಮಾಡದಿರಲೆಂದು ಒಂದು ಷರತ್ತನ್ನೂ ಸೇರಿಸಿದೆ: ಕಟ್ಟಿಕೊಂಡು ಹೋಗುವ ಊಟಕ್ಕೆ ಬೇರೆ ಬೆಲೆ.

"ಹಂಗಾದ್ರ ನನಗೂ ಅದೇ ವರ್ಗದ ಲೈಸೆನ್ಸ್ ಕೊಡ್ರಿ" ಎಂದ ಸೂರಜ್.

"ಬಿರಿಯಾನಿ ಕೇಳಿದಷ್ಟು ಸಲ ನೀಡ್ತೀಯೇನು?"

"ವಿಚಾರ ಮಾಡ್ತೀನ್ರಿ" ಎಂದ. ಶಿವದೇವಿ ಗಟ್ಟಿಯಾಗಿ ನಕ್ಕಳು. ಆಕೆ ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಮೊದಲ ಸಲ ಕೇಳಿದೆ.

ಹೊಸ ವರ್ಗದ ಮೊದಲ ಪರವಾನಗಿಯನ್ನು ಕಾಗದದ ಮೇಲೆ ಬರೆದು ಕೊಡುವ ಆಸೆಯಾಯಿತು. ಮುಂದಿನ ಭಾನುವಾರ ಇಬ್ಬರನ್ನೂ ಮನೆಗೆ ಕರೆದೆ. ಸೂರಜ್ ಬಸ್ಸು ಹಿಡಿದು ಬಂದ. ಫೋನಿನಲ್ಲಿ ಅಷ್ಟು ಜಗಳವಾಡುವ ಹುಡುಗ ಎದುರಿಗೆ ತಲೆ ಎತ್ತದಷ್ಟು ಸಂಕೋಚದವನು. ನಾನು ಚಹಾ ಮಾಡಲು ಎದ್ದಾಗ ಅವನೇ ನನ್ನ ಮೊಣಕಾಲು ನೋವು ಗಮನಿಸಿ ಕಪ್ಪುಗಳನ್ನು ತಂದಿಟ್ಟ. ಅಪ್ಪನ ಪೆಟ್ಟಿಗೆಯಲ್ಲಿ ಉಳಿದಿದ್ದ ಅರಗಿನ ತುಂಡನ್ನು ಮೇಣದಬತ್ತಿಗೆ ಹಿಡಿದೆ. ಅದೇ ವಾಸನೆ ಮನೆ ತುಂಬಿತು. ಮುದ್ರೆಯಿರಲಿಲ್ಲ. ನಿರೀಕ್ಷಾ ಬಿಸಿ ಅರಗಿನ ಮೇಲೆ ತನ್ನ ಅಂಗಿಯ ಗುಂಡಿಯನ್ನೇ ಒತ್ತಿದಳು.

ಸೂರಜ್ ಹೊರಡಲು ಎದ್ದ. ಬಾಗಿಲ ಬಳಿ ಶಿವದೇವಿ ಚೀಲದಿಂದ ಬಟ್ಟೆ ಸುತ್ತಿದ ಡಬ್ಬಿಯೊಂದನ್ನು ತೆಗೆದಳು. ಒಳಗೆ ಎಣಗಾಯಿ ಇದೆಯೆಂದು ನನ್ನ ಮೂಗಿಗೆ ತಿಳಿಯಿತು. ಕಟ್ಟಿಕೊಂಡು ಹೋಗುವ ಊಟ. ಸೂರಜ್ ಹೆದರಿದವನಂತೆ ನನ್ನತ್ತ ನೋಡಿದ.

ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ. ಶಿವದೇವಿ ಬೆಲೆ ಹೇಳದೆ ಡಬ್ಬಿಯನ್ನು ಅವನ ಕೈಗಿಟ್ಟಳು.